ಎರಕದ ಚಕ್ರಗಳು

ಜೂನ್ ೩, ಮಂಗಳವಾರ

ಎರಡು ಗಾಡಿಗೆ ಆಯಿಲ್ ಬದಲಾವಣೆ. ಶಿಶುವಿಹಾರದ ವ್ಯಾನಿಗೆ ಬ್ರೇಕ್ ಪ್ಯಾಡ್. ಮಳೆ ಇನ್ನೂ ಹಿಡಿದಿಲ್ಲ, ಶೆಡ್ಡಿನ ತಗಡು ಆಗಲೇ ಸುಡುತ್ತಿದೆ.

ಮಧ್ಯಾಹ್ನದ ಮೇಲೆ ಇತ್ಸುಕೊ ಶಾಲೆಯ ಅಡುಗೆಮನೆಯಿಂದ ಬಂದಳು. ಅಷ್ಟು ಮಕ್ಕಳಿಗೆ ಮೀನು ಕರಿದು ಬಂದವಳು ಕೂರುವುದಿಲ್ಲ, ಮಲಗುವುದಿಲ್ಲ. ಅಂಗಳದಲ್ಲಿ ನಡೆಯುತ್ತಾಳೆ. ಎರಡು ಕೈಯಲ್ಲಿ ಇಲ್ಲದ ಸ್ಟೀರಿಂಗ್ ಹಿಡಿದು. ಬಲಕ್ಕೆ ಸುತ್ತು, ಎಡಕ್ಕೆ ಸುತ್ತು, ನಿಲ್ಲು, ತಿರುಗು. ಭಾನುವಾರದ ಪಂದ್ಯದ ದಾರಿಯನ್ನು ಬಾಯಿಪಾಠ ಮಾಡುವುದು ಹೀಗೆ.

ಮುಚ್ಚಿಹೋದ ಸ್ಕೀ ಮೈದಾನದ ಪಾರ್ಕಿಂಗಿನಲ್ಲಿ ದಾರಿ ಗುರುತಿಗೆ ಪ್ಲಾಸ್ಟಿಕ್ ಕೋನು ಇಡುತ್ತಾರೆ. ಒಬ್ಬೊಬ್ಬರೇ ಕಾರು ಓಡಿಸಿ ಗಡಿಯಾರದ ಜೊತೆ ಜಿದ್ದಿಗೆ ಬೀಳುವ ಆಟ. ಐವತ್ತೆಂಟಕ್ಕೆ ಶುರುಮಾಡಿದಳು ಮಹಾರಾಯ್ತಿ. ಈಗ ಅರವತ್ತೆರಡು. ಅದೇ ಬಿಳಿ ಪುಟ್ಟ ಕಾರು, ಸಣ್ಣ ಎಂಜಿನ್ನಿನವಕ್ಕೆ ಕೊಡುವ ಹಳದಿ ನಂಬರ್ ಪ್ಲೇಟಿನ ಆರುನೂರ ಅರವತ್ತು ಸಿಸಿಯದು. ವಾರವಿಡೀ ಕೆಲಸಕ್ಕೆ, ತರಕಾರಿಗೆ. ಭಾನುವಾರ ಕೋನುಗಳ ನಡುವೆ.

ಪಕ್ಕದ ಮನೆಯ ಸೆಕಿಗುಚಿ ಅಜ್ಜ ಸೈಕಲ್ ತಳ್ಳಿಕೊಂಡು ಬಂದು ಅಂಗಳದ ನಡುವೆ ನಿಂತ. "ತೊಶಿಮಾಸಾ, ನಿನ್ನ ಹೆಂಡ್ತಿಗೆ ಏನೋ ಮೆಟ್ಕೊಂಡಿದೆ ಕಣೋ. ದೇವಸ್ಥಾನಕ್ಕೆ ಕರ್ಕೊಂಡೋಗು."

"ಅಜ್ಜಾ, ಪಕ್ಕಕ್ಕೆ ಬಾ" ಅಂದಳು ಇತ್ಸುಕೊ. "ನೀನು ಮೂರನೇ ಕೋನಿನ ಮೇಲೆ ನಿಂತಿದ್ದೀಯ."

ನಕ್ಕೆವು ಮೂವರೂ.

ಜೂನ್ ೮, ಭಾನುವಾರ, ಸಂಜೆ

ಮೈದಾನದಿಂದ ಬಂದಾಗಿನಿಂದ ಅದೇ ಕಣ್ಣ ಮುಂದೆ. ಬರೆದರೆ ನಿಂತೀತು.

ಮೊದಲ ಓಟದಲ್ಲಿ ಎರಡನೆಯವಳು. ಸೇಬು ತೋಟದ ಕುವಾಬಾರಾನಿಗಿಂತ ಕೂದಲೆಳೆಯಷ್ಟು ಹಿಂದೆ. ಅವನಿಗೆ ಮೂವತ್ತೈದೂ ಇಲ್ಲ. ಎರಡನೆಯ ಓಟಕ್ಕೆ ಹೊರಟಾಗಲೇ ಅವಳ ಕುತ್ತಿಗೆ ನೋಡಿ ಗೊತ್ತಾಯಿತು, ಇವಳು ಇವತ್ತು ಬಿಡುವುದಿಲ್ಲ ಎಂದು. ಕೊನೆಯ ತಗ್ಗಿನಲ್ಲಿ ಬ್ರೇಕನ್ನು ಬೇಗ ಬಿಟ್ಟಳು. ಹಿಂಭಾಗ ಬೀಸಿತು. ಕಾರು ಅಡ್ಡಡ್ಡ ಹೋಗಿ ಹಳೆ ಟೈರುಗಳ ಗೋಡೆ ಹತ್ತಿತು. ಎರಡು ಚಕ್ರದ ಮೇಲೆ ನಿಂತಿತು... ನಿಂತೇ ಇತ್ತು. ಆಮೇಲೆ ದೊಪ್ಪನೆ ನೆಲಕ್ಕೆ.

ಬೇಲಿ ಹಾರಿ ಓಡಿದ್ದು ನೆನಪಿಲ್ಲ. ಪ್ಯಾಂಟು ಹರಿದಿರುವುದು ನೋಡಿದರೆ ಹಾರಿರಬೇಕು.

ಹೆಲ್ಮೆಟ್ ತೆಗೆದಳು. ನಗುತ್ತಿದ್ದಳು!

ಕುವಾಬಾರಾ, "ಅಕ್ಕಾ, ಹಾರೋ ಹಾಗಿದ್ರೆ ಟಿಕೆಟ್ ತಗೋಬೇಕಿತ್ತು" ಅಂದ.

"ತಗೊಂಡಿದ್ದೆ ಕಣಯ್ಯ, ಹೋಗೋಕ್ ಮಾತ್ರ. ಬರೋಕ್ ತಗೊಂಡಿರ್ಲಿಲ್ಲ."

ಎಲ್ಲರೂ ನಕ್ಕರು. ಹೊಸದಾಗಿ ಬಂದ ಒಬ್ಬ ನನ್ನನ್ನು ಕೇಳಿದ, ನೀವು ಯಾವ ಗಾಡಿ ಓಡಿಸ್ತೀರಿ? ನಾನು ಬಾಯಿ ತೆರೆಯುವ ಮುಂಚೆ ಬೇರೆಯವನು ಹೇಳಿದ, "ಅವ್ರು ಓಡ್ಸಲ್ಲ. ಇತ್ಸುಕೊ ಅವ್ರ ಯಜಮಾನ್ರು."

ಮನೆಗೆ ಬರುವಾಗ ಭುಜ ಉಜ್ಜಿಕೊಳ್ಳುತ್ತ ಅವಳು, "ಬ್ರೇಕು ಇನ್ನೊಂದು ಚೂರು ಹಿಡಿದಿದ್ರೆ ಅವನನ್ನ ಸೋಲಿಸ್ತಿದ್ದೆ ರೀ" ಅನ್ನುತ್ತಿದ್ದಳು. ಅವಳ ತಲೆಯಲ್ಲಿ ಕುವಾಬಾರಾ. ನನ್ನ ತಲೆಯಲ್ಲಿ ಗಾಳಿಯಲ್ಲಿ ಸುತ್ತುತ್ತಿದ್ದ ಎರಡು ಚಕ್ರ.

ಜೂನ್ ೧೯, ಗುರುವಾರ

ಹತ್ತು ದಿನದಿಂದ ನಿದ್ದೆ ಸರಿಯಿಲ್ಲ. ಬೇಡ ಅಂದರೆ ಕೇಳುವವಳಲ್ಲ. ಕೇಳಿದೆ ಕೂಡ, ಸಾಕು ಮಾಡೋಣವಾ ಎಂದು. "ಊಟ ಸಾಕು ಮಾಡೋಣವಾ ಅಂದಹಾಗಿದೆ" ಅಂದಳು.

ಇವತ್ತು ಗುಜರಿ ಅಂಗಡಿಯಲ್ಲಿ ನಾಲ್ಕು ಚಕ್ರದ ಒಂದು ಸೆಟ್ ಕಂಡೆ. ಅವಳ ಕಾರಿನ ಚಕ್ರದ್ದೇ ವಿನ್ಯಾಸ. ಅದೇ ಆರು ಕಡ್ಡಿ, ಅದೇ ಅಳತೆ. ನೋಡಲು ಅವಳಿ. ಆದರೆ ಅವಳದ್ದು ಅಚ್ಚಿನಲ್ಲಿ ಒತ್ತಿ ಬಡಿದು ಮಾಡಿದ ಅಲ್ಯೂಮಿನಿಯಂ, ಒಂದೊಂದು ನಾಲ್ಕು ಕಿಲೋ ಕೂಡ ತೂಗುವುದಿಲ್ಲ, ಎರಡು ಬೆರಳಿಗೆ ಸಿಕ್ಕಿಸಿ ಎತ್ತಬಹುದು. ಇವು ಎರಕದ ನಕಲು. ಏಳರ ಹತ್ತಿರ. ಎತ್ತಿದಾಗ ಸೊಂಟ ಹೇಳುತ್ತದೆ.

ಒಂದಕ್ಕೆ ಮೂರು ಕಿಲೋ ಹೆಚ್ಚು. ನಾಲ್ಕಕ್ಕೆ ಹನ್ನೆರಡು. ಡಿಕ್ಕಿಯಲ್ಲಿ ಹನ್ನೆರಡು ಕಿಲೋ ಅಕ್ಕಿ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಚಕ್ರದಲ್ಲಿ ಇಟ್ಟರೆ ಬೇರೆ ಕಥೆ. ಎಂಜಿನ್ನು ಅದನ್ನು ಮುಂದಕ್ಕೆ ಎಳೆಯುವುದಷ್ಟೇ ಅಲ್ಲ, ಗಿರಗಿರ ತಿರುಗಿಸಬೇಕು ಕೂಡ. ಬ್ರೇಕು ಆ ತಿರುಗುವುದನ್ನು ನಿಲ್ಲಿಸಬೇಕು. ಕಾಲಿಗೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ. ದೊಡ್ಡ ಕಾರಿಗಾದರೆ ಸೊಳ್ಳೆ ಕಡಿದಂತೆ. ಏಳುನೂರು ಕಿಲೋದ ಈ ಗುಬ್ಬಚ್ಚಿಗೆ ಹಾಗಲ್ಲ.

ನಿಧಾನವಾದರೆ ಸಾಕು. ಗೆಲ್ಲುವುದು ನಿಂತರೆ ಆಸೆ ತಾನಾಗಿ ಇಳಿಯುತ್ತದೆ. ಅಷ್ಟೇ ನನ್ನ ಯೋಚನೆ.

ಚಕ್ರ ತಂದೆ.

ಜೂನ್ ೨೫

"ನಿನ್ನ ಚಕ್ರಕ್ಕೆ ಕಲ್ಲು ಹೊಡೆದು ಬಣ್ಣ ಎದ್ದಿದೆ, ಹೊಸದಾಗಿ ಹೊಡೆದುಕೊಡ್ತೀನಿ" ಅಂದಿದ್ದೆ. ಬಣ್ಣ ಹೊಡೆದದ್ದು ಎರಕದ್ದಕ್ಕೆ. ಅದೇ ಕಂಚಿನ ಬಣ್ಣ. ಅವಳ ಟೈರು ಕಳಚಿ ಇದಕ್ಕೆ ಹಾಕಿ, ಕಾರಿಗೆ ಕಟ್ಟಿದೆ. ಅವಳ ಹಗುರ ಚಕ್ರಗಳು ಶೆಡ್ಡಿನ ಹಿಂದೆ, ಗಿರಾಕಿಗಳ ಹಿಮದ ಟೈರುಗಳ ನಡುವೆ, ಟಾರ್ಪಾಲಿನ ಕೆಳಗೆ.

"ಅಯ್ಯೋ, ಹೊಸದರ ಹಾಗೇ ಮಾಡಿದ್ದೀರಲ್ರೀ!" ಕೂತು ಒಂದೊಂದನ್ನೂ ಸವರಿದಳು. ಆಮೇಲೆ ಸೈಕಲ್ ಹತ್ತಿ ಹೋಗಿ ನನಗೆಂದು ಸೋಯಾದ ಮಿಸೊ ಗೊಜ್ಜು ಸವರಿ ಸುಟ್ಟ ಬನ್ನು ತಂದಳು. ಬಿಸಿಬಿಸಿ. ಒಂದು ತುತ್ತು ಕಚ್ಚಿ ಉಳಿದದ್ದನ್ನು ತಟ್ಟೆಗಿಟ್ಟೆ. ಬಿಸಿ ಜಾಸ್ತಿ ಅಂದೆ.

ಜುಲೈ ೬, ಭಾನುವಾರ

ಐದನೆಯ ಸ್ಥಾನ.

ಇಳಿದವಳೇ ಕಾರಿನ ಸುತ್ತ ಒಂದು ಸುತ್ತು ಬಂದಳು. ಟೈರು ಒತ್ತಿ ನೋಡಿದಳು.

"ಇವತ್ತು ಕಾರು ಭಾರ ಅನ್ನಿಸ್ತು ರೀ."

ಗೊತ್ತಾಗಿಬಿಟ್ಟಿತೇ? ಕೆಲಸಕ್ಕೆ ಓಡಿಸುವಾಗ ಏನೂ ಅಂದಿರಲಿಲ್ಲ, ಮೊದಲ ಪಂದ್ಯದಲ್ಲೇ?

"ಹೆಂಗೆ ಭಾರ?"

"ಹೊರಡೋವಾಗ ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ. ತಿರುಗು ಅಂದ್ರೆ ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತೆ. ನೆಲಕ್ಕೆ ತೇಪೆ ಹಾಕಿರೋ ಜಾಗದಲ್ಲಿ ಹಿಂದಿನ ಚಕ್ರ ಟಕಟಕ ಕುಣೀತು."

ಇಷ್ಟು ಸರಿಯಾಗಿ ಯಾವ ಮೆಕ್ಯಾನಿಕ್ಕೂ ಹೇಳಲಾರ. ಭಾರದ ಚಕ್ರ ಗುಂಡಿ ಹತ್ತಿದ್ದು ಬೇಗ ಇಳಿಯುವುದಿಲ್ಲ, ಸ್ಪ್ರಿಂಗಿಗೆ ಅದನ್ನು ನೆಲಕ್ಕೆ ಒತ್ತಿಹಿಡಿಯುವ ತಾಕತ್ತು ಸಾಲದು. ಅವಳ ಸೊಂಟಕ್ಕೆ ಅದೆಲ್ಲ ಗೊತ್ತಾಗಿದೆ.

ನಾನು ನಕ್ಕೆ. "ಕಾರು ಅದೇ ಕಣೇ. ಬಿಸಿಲು ಜೋರು. ನಿನಗೇ ಸುಸ್ತು."

ಅವಳು ನನ್ನ ಮುಖ ನೋಡಿದಳು. ನಂಬಿದಳು. ನಲವತ್ತು ವರ್ಷ ಗಾಡಿ ವಿಷಯದಲ್ಲಿ ನಾನು ಹೇಳಿದ್ದನ್ನು ನಂಬಿದವಳು.

ಜುಲೈ ೨೧, ಸಮುದ್ರ ದಿನದ ರಜೆ

ಬೆಳಗ್ಗೆ ಆರಕ್ಕೇ ಅಂಗಳದಲ್ಲಿ. ಕೋನಿನ ಬದಲು ಉಪ್ಪಿನಕಾಯಿ ಡಬ್ಬಿ ಇಟ್ಟುಕೊಂಡು ಕೈ ತಿರುಗಿಸುವ ಅಭ್ಯಾಸ. ಕಣ್ಣಿಗೆ ಎಂದು ಬಿಲ್ಬೆರಿ ಮಾತ್ರೆ ತಂದಿದ್ದಾಳೆ. ಕೈಗೆ ರಬ್ಬರ್ ಚೆಂಡು, ಟೀವಿ ನೋಡುತ್ತ ಹಿಸುಕುತ್ತಾಳೆ.

"ನನ್ನಲ್ಲೇ ಏನೋ ನಿಧಾನ ಆಗ್ತಿದೆ ಅಲ್ವಾ?" ಕೇಳಿದಳು.

ಅಲ್ಲ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. "ವಯಸ್ಸು ಯಾರನ್ನ ಬಿಟ್ಟಿದೆ ಇತ್ಸು" ಅಂದೆ.

ಮೆತ್ತಗೇ ಹೇಳಿದೆ. ಮೆತ್ತಗೆ ಹೇಳಿದ್ದರಿಂದಲೇ ನೆಟ್ಟಗೆ ಹೋಗಿ ನಾಟಿತು.

ಆಗಸ್ಟ್ ೩, ಭಾನುವಾರ

ಕೊನೆಯಿಂದ ಮೂರನೆಯವಳು.

ಕುವಾಬಾರಾ ನನ್ನನ್ನು ಪಕ್ಕಕ್ಕೆ ಕರೆದ. "ಅಣ್ಣಾ, ಅಕ್ಕನ ಗಾಡಿ ಒಂದ್ಸಲ ಎತ್ತಿ ನೋಡಿ. ಹಿಂದಿನ ಗಾಲಿ ನೆಲ ಬಿಟ್ಟು ನೆಗೀತಿದೆ. ಶಾಕ್ ಅಬ್ಸಾರ್ಬರ್ ಹೋಗಿರ್ಬೇಕು."

"ನೋಡ್ದೆ. ಸರಿ ಇದೆ."

"ಹಂಗಾದ್ರೆ...?" ತಲೆ ಕೆರೆದುಕೊಂಡು ಹೋದ. ಒಳ್ಳೆಯ ಹುಡುಗ.

ಯಾರೂ ಓದದ ಈ ಪುಟದಲ್ಲಾದರೂ ನಿಜ ಬರೆಯಬೇಕು. ಬೋರ್ಡಿನಲ್ಲಿ ಅವಳ ಹೆಸರು ಕೆಳಗೆ, ಕೆಳಗೆ ಹೋದಾಗ ನನಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನುವುದಕ್ಕೆ ಮೊದಲು ಇನ್ನೇನೋ ಬಂತು. ತಣ್ಣಗೆ. ಹಾಯಾಗಿ. ನಾಲ್ಕು ವರ್ಷದ ಹಿಂದೆ ನಾನೂ ಒಂದು ದಿನ ಇಲ್ಲಿ ಓಡಿಸಿದ್ದೆ. ಎಲ್ಲರಿಗಿಂತ ಕೊನೆ. ಅದೇ ದಿನ, ಅದೇ ಕಾರಿನಲ್ಲಿ, ಅವಳು ಸುಮ್ಮನೆ ತಮಾಷೆಗೆ ಕೂತು ಓಡಿಸಿ ನನಗಿಂತ ನಾಲ್ಕು ಸೆಕೆಂಡು ಮುಂದೆ ಬಂದಳು. ಅವಳಿಗೆ ಹುಚ್ಚು ಹಿಡಿದದ್ದು ಅಂದಿನಿಂದ.

ಹೆದರಿಕೆಗೆ ಮಾಡಿದೆ ಅಂದುಕೊಂಡಿದ್ದೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಹೆದರಿಕೆಯೊಂದೇ ಅಲ್ಲ.

ಆಗಸ್ಟ್ ೧೬

ಹಿರಿಯರ ಹಬ್ಬ ಓಬೊನ್ ಮುಗಿಯಿತು. ಹಿರಿಯರ ಗೋರಿ ತೊಳೆದು ಬಂದೆವು. ಬೆಟ್ಟದ ದಾರಿಯಲ್ಲಿ ಅವಳೇ ಓಡಿಸಿದಳು. ಅಜ್ಜಿಯ ಹಾಗೆ, ಎರಡು ಕೈ ಬಿಗಿಯಾಗಿ ಹಿಡಿದು. ಹಿಂದಿನವರು ಹಾರನ್ ಹಾಕಿದರೆ ಪಕ್ಕಕ್ಕೆ ಸರಿದು ತಲೆಬಾಗಿದಳು.

ಸಾಕು. ಬದಲಿಸಿಬಿಡುತ್ತೇನೆ ಅಂದುಕೊಂಡೆ. ಅರ್ಧ ಗಂಟೆಯ ಕೆಲಸ. ಆದರೆ ಹಗುರದ್ದು ಹಾಕಿದರೆ ಗೇಟು ದಾಟುವಷ್ಟರಲ್ಲಿ ಅವಳಿಗೆ ಗೊತ್ತಾಗುತ್ತದೆ. ಏನು ಮಾಡಿದ್ರಿ ಅಂತ ಕೇಳುತ್ತಾಳೆ. ಏನು ಹೇಳಲಿ?

ಮುಂದಿನ ವಾರ ನೋಡೋಣ.

ಸೆಪ್ಟೆಂಬರ್ ೪

ಸೆಕಿಗುಚಿ ಅಜ್ಜ ಆಸ್ಪತ್ರೆಯಲ್ಲಿದ್ದಾನೆ. ಗುದ್ದಿದ್ದು ಇತ್ಸುಕೊ.

ಸೆಪ್ಟೆಂಬರ್ ೫, ಬೆಳಿಗ್ಗೆ

ಕೊನ್ಯಾಕು ಗೆಡ್ಡೆ ಬೆಳೆಯುವ ಹೊಲದ ಇಳಿಜಾರು. ನೀರಿನ ಪೈಪಿಗೆಂದು ಅಗೆದು, ಕೌದಿಯ ಹಾಗೆ ತೇಪೆ ಹಾಕಿದ ರಸ್ತೆ. ಅಜ್ಜ ಓಣಿಯಿಂದ ಸೈಕಲಿನಲ್ಲಿ ನಿಲ್ಲದೆ ಇಳಿದ. ಅವಳು ಬ್ರೇಕು ಒತ್ತಿದಳು. ಹೊತ್ತಿಗೆ ಸರಿಯಾಗಿಯೇ ಒತ್ತಿರುತ್ತಾಳೆ, ನಾನು ಪ್ರಮಾಣ ಮಾಡುತ್ತೇನೆ. ಚಕ್ರ ತೇಪೆಯಿಂದ ತೇಪೆಗೆ ಕುಪ್ಪಳಿಸಿತು. ನೆಲ ಬಿಟ್ಟ ಟೈರು ಏನನ್ನು ಹಿಡಿದೀತು? ಕೊನೆಗೆ ನಡೆಯುವ ವೇಗದಲ್ಲಿ ಸೈಕಲಿನ ಹಿಂದಿನ ಚಕ್ರಕ್ಕೆ ತಾಗಿತು. ಅಜ್ಜ ಭುಜದ ಮೇಲೆ ಬಿದ್ದ. ಕೊರಳ ಕೆಳಗಿನ ಮೂಳೆ ಮುರಿದಿದೆ. ಎಂಬತ್ತೊಂದು ವರ್ಷ ಅವನಿಗೆ.

ಪೊಲೀಸರು ಅಳೆದು ಹೋದರು. ಇಬ್ಬರದೂ ತಪ್ಪು ಅಂದರು. ಅವರು ಹೋದ ಮೇಲೆ ನಾನೂ ಹೋಗಿ ಅಳೆದೆ. ಒಂದು ತತಾಮಿ ಚಾಪೆಯ ಅಗಲ, ಮೂರಡಿ. ಅಷ್ಟು ಮೊದಲು ನಿಂತಿದ್ದರೆ ಅಜ್ಜ ಬೈದುಕೊಂಡು ಮನೆಗೆ ಹೋಗಿರುತ್ತಿದ್ದ.

ಆ ಚಾಪೆಯ ಅಗಲದಲ್ಲಿ ಹನ್ನೆರಡು ಕಿಲೋದ ಪಾಲೆಷ್ಟು? ಪೂರ್ತಿ ಇರಬಹುದು. ಏನೂ ಇಲ್ಲದಿರಬಹುದು. ನನಗೆ ಗೊತ್ತಿಲ್ಲ. ನಿಧಾನ ಮಾಡುತ್ತೇನೆ ಅಂತ ಹೊರಟವನು ನಿಲ್ಲುವುದನ್ನೂ ನಿಧಾನ ಮಾಡಿದೆ. ಅದು ನನಗೆ ಮೊದಲೇ ಗೊತ್ತಿರಲಿಲ್ಲವೇ? ಜೂನ್‌ನಲ್ಲೇ ಬರೆದಿದ್ದೇನೆ, ಬ್ರೇಕಿನ ಮಾತನ್ನು. ಬರೆದು, ಮುಂದೆ ಹೋಗಿದ್ದೇನೆ.

ಸೆಪ್ಟೆಂಬರ್ ೯

ದಿನವೂ ಆಸ್ಪತ್ರೆಗೆ. ಬೇಯಿಸಿದ ಕುಂಬಳಕಾಯಿ, ಮೆತ್ತನೆ ತೋಫು. ಕೆಲಸಕ್ಕೆ ರಜೆ ಹಾಕಿದ್ದಾಳೆ. ಕಾರು ಮುಟ್ಟಿಲ್ಲ, ಬಸ್ಸಿನಲ್ಲಿ ಹೋಗುತ್ತೇವೆ. ಬಸ್ಸು ದಿನಕ್ಕೆ ಮೂರು.

ಅಜ್ಜ, "ಅಳಬೇಡ ಮಾರಾಯ್ತಿ, ನನ್ನ ಸೈಕಲಿಗೆ ಬ್ರೇಕೇ ಇಲ್ಲ. ನಾನೇ ಬಂದು ನಿನ್ನ ಕಾರಿಗೆ ಗುದ್ದಿದ್ದು" ಅಂದ. ಇವಳ ಅಳು ಜಾಸ್ತಿಯಾಯಿತು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದೆ.

ಬರುವಾಗ ಬಸ್ಸಿನಲ್ಲಿ ಹೇಳಿದಳು. "ಕಾಲು ಸರಿಯಾದ ಹೊತ್ತಿಗೇ ಒತ್ತಿದೆ ಅನ್ನಿಸ್ತು ರೀ. ಈಗಲೂ ಹಾಗೇ ಅನ್ಸುತ್ತೆ. ಅದೇ ಭಯ. ಒತ್ತಿದೆ ಅಂತ ತಲೆ ಅಂದ್ಕೊಂಡಿದೆ, ಕಾಲು ಇನ್ನೂ ಒತ್ತಿಯೇ ಇಲ್ಲ."

"ಹಾಗೇನಿಲ್ಲ..."

"ಟೀವಿಲಿ ಬರ್ತಾರಲ್ಲ, ಅಂಗಡಿಗೆ ಕಾರು ನುಗ್ಗಿಸಿದ ಮುದುಕರು. ಎಲ್ರೂ ಅದನ್ನೇ ಹೇಳ್ತಾರೆ, ನಾನು ಬ್ರೇಕು ಒತ್ತಿದ್ದೆ ಅಂತ. ನಾನು ಮಗೂನ ಗುದ್ದೋ ತನಕ ಕಾಯಲ್ಲ."

ಲೈಸೆನ್ಸ್ ವಾಪಸ್ ಕೊಡುತ್ತಾಳಂತೆ, ಇಲ್ಲಿ ತೀರ ವಯಸ್ಸಾದವರು ಕೊಡುವ ಹಾಗೆ. ಮುಂದಿನ ಮಂಗಳವಾರ, ಠಾಣೆಗೆ ಹೋಗಿ. ಅರವತ್ತೆರಡಕ್ಕೆ! ಕಾರು ಕುವಾಬಾರಾಗೆ ಕೊಡುತ್ತಾಳಂತೆ, ಆಗಲೇ ಫೋನ್ ಮಾಡಿದ್ದಾಳೆ. ಶನಿವಾರ ಬರುತ್ತಾನೆ.

ಈ ಊರಲ್ಲಿ ಲೈಸೆನ್ಸ್ ಇಲ್ಲದೆ ಅವಳು ಎಲ್ಲಿಗೆ ಹೋಗುತ್ತಾಳೆ? ಶಾಲೆಗೆ ಬಸ್ಸಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ, ಮಧ್ಯಾಹ್ನ

ಕುವಾಬಾರಾ ಚಕ್ರ ಬಿಚ್ಚಿದ ಕ್ಷಣ ಅವನಿಗೆ ಗೊತ್ತಾಗುತ್ತದೆ. ಅವನು ಬರುವುದರೊಳಗೆ ಬದಲಿಸಿದರೆ... ಅವಳು ಇನ್ನು ಈ ಕಾರು ಓಡಿಸುವುದಿಲ್ಲ. ಯಾರಿಗೂ, ಯಾವತ್ತಿಗೂ ಗೊತ್ತಾಗುವುದಿಲ್ಲ. ಎಷ್ಟು ಸಲೀಸು.

ಜಾಕ್ ಹಾಕಿದೆ. ಮುಂದಿನ ಎಡ ಚಕ್ರ ಬಿಚ್ಚಿ ಟೈರು ಕಳಚಿದೆ. ಟಾರ್ಪಾಲಿನ ಕೆಳಗಿಂದ ಅವಳದ್ದನ್ನು ತಂದು ಪಕ್ಕದಲ್ಲಿಟ್ಟೆ. ನೆಲದ ಮೇಲೆ ಅವಳಿ ಚಕ್ರಗಳು.

ಆಗ ಅವಳು ಚಹಾ ಆಯಿತು ಎಂದು ಕರೆಯಲು ಬಂದಳು. ಬಾಗಿಲಲ್ಲೇ ನಿಂತಳು. ಕುವಾಬಾರಾಗಾಗಿ ಗಾಡಿ ಸಿದ್ಧ ಮಾಡುತ್ತಿದ್ದೇನೆ ಅಂದುಕೊಂಡಳು. ಹತ್ತಿರ ಬಂದು ಕಾರಿನ ಮಾಡಿನ ಮೇಲೆ ಕೈಯಿಟ್ಟು, ತಲೆ ಬಾಗಿಸಿ ಹೇಳಿದಳು. ನನಗಲ್ಲ, ಕಾರಿಗೆ.

"ನೀನು ಭಾರ ಅಂತ ದೂರಿದ್ನಲ್ಲ. ತಪ್ಪಾಯ್ತು ಕಣೇ. ನಿನ್ನದೇನೂ ಇರ್ಲಿಲ್ಲ, ಎಲ್ಲಾ ನಂದೇ."

ಹೇಳಿಬಿಟ್ಟೆ.

ಸೆಪ್ಟೆಂಬರ್ ೧೩

ನಿನ್ನೆ ಮುಂದಕ್ಕೆ ಬರೆಯಲಾಗಲಿಲ್ಲ.

ಅವಳು ಕೂಗಾಡಲಿಲ್ಲ. ಬಗ್ಗಿ ಹಗುರ ಚಕ್ರ ಎತ್ತಿದಳು. ಇಟ್ಟಳು. ಎರಕದ್ದನ್ನು ಎತ್ತಿದಳು. ಹಿಡಿದುಕೊಂಡೇ ನಿಂತಳು, ಮಗುವನ್ನು ಹಿಡಿದ ಹಾಗೆ, ತೋಳು ಸೋಲುವ ತನಕ.

"ಜುಲೈನಲ್ಲಿ ಭಾರ ಅನ್ನಿಸ್ತು ಅಂದಾಗ ನಕ್ರಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ವಯಸ್ಸು ಯಾರನ್ನ ಬಿಟ್ಟಿದೆ ಅಂದಾಗ?"

"ಗೊತ್ತಿತ್ತು."

"ಅಜ್ಜನ ಹಾಸಿಗೆ ಪಕ್ಕ ನಾನು ಅಳ್ತಿದ್ದಾಗ?"

ಕೈಗಂಟಿದ ಧೂಳನ್ನು ಒರೆಸಿಕೊಂಡಳು.

"ಬೇಡ ಅಂತ ಜಗಳ ಆಡ್ಬಹುದಿತ್ತಲ್ರೀ. ಕಾರಿನ ಕೀಲಿ ಬಾವಿಗೆ ಎಸೀಬಹುದಿತ್ತು. ನನ್ನ ಕಾಲು, ನನ್ನ ಕಣ್ಣು ನನಗೇ ಸುಳ್ಳು ಹೇಳ್ತಿದೆ ಅಂತ ನಂಬಿಸಿದ್ರಲ್ಲ. ಅದು ಯಾಕೆ?"

ನೀನು ಸಾಯುತ್ತೀಯ ಅಂತ ಹೆದರಿದೆ, ಅಂದೆ. ಇನ್ನೊಂದು ಕಾರಣವನ್ನೂ ಹೇಳಿದೆ, ಆ ನಾಲ್ಕು ಸೆಕೆಂಡಿನದು. ಅದನ್ನು ಕೇಳಿದಾಗ ಮಾತ್ರ ಅವಳ ಮುಖ ಬದಲಾಯಿತು. ಸಿಟ್ಟು ಅಲ್ಲ. ಪರಿಚಯವಿಲ್ಲದವನು ಮನೆಯೊಳಗೆ ನಿಂತಿದ್ದರೆ ನೋಡುವ ಹಾಗೆ.

ಕುವಾಬಾರಾಗೆ ಬರಬೇಡ ಎಂದು ಫೋನ್ ಮಾಡಿದಳು. ಯಾಕೆ ಎಂದು ಹೇಳಲಿಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ವಾರವೆಲ್ಲ ಮಾತಿಲ್ಲ. ಅನ್ನ ಬಡಿಸುತ್ತಾಳೆ, ಸ್ನಾನಕ್ಕೆ ನೀರು ಕಾಯಿಸುತ್ತಾಳೆ, ಮಾತಿಲ್ಲ. ಮಂಗಳವಾರ ಠಾಣೆಗೆ ಹೋಗಲಿಲ್ಲ. ಹೋಗುವುದಿಲ್ಲ ಎಂದೂ ಹೇಳಲಿಲ್ಲ.

ಠಾಣೆಗೆ ನಾನು ಹೋದೆ. ಎಲ್ಲ ಹೇಳಿದೆ. ಮೇಜಿನ ಹಿಂದಿನ ಹುಡುಗ ತಾಳ್ಮೆಯಿಂದ ಕೇಳಿ, "ಚಕ್ರ ನಿಯಮಕ್ಕೆ ಸರಿಯಾಗಿದ್ಯಾ?" ಅಂದ. ಇದೆ ಅಂದೆ. "ಟೈರು ಚೆನ್ನಾಗಿತ್ತಾ?" ಚೆನ್ನಾಗಿತ್ತು. "ಹಾಗಾದ್ರೆ ಬರ್ಕೊಳ್ಳೋದಕ್ಕೆ ಏನೂ ಇಲ್ಲ ಸರ್." ಎದ್ದು ಬಂದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಇವತ್ತು ಬೆಳಿಗ್ಗೆ ಅವಳು, "ಗಾಡಿ ಹತ್ತಿ" ಅಂದಳು. ಸ್ಕೀ ಮೈದಾನದ ಪಾರ್ಕಿಂಗು. ಯಾರೂ ಇಲ್ಲ, ಮಂಜು ಈಗಷ್ಟೇ ಏಳುತ್ತಿತ್ತು. ಎರಡು ಸೆಟ್ ಚಕ್ರವನ್ನೂ ತಂದಿದ್ದಳು. ಎರಡಕ್ಕೂ ಒಂದೇ ಜಾತಿಯ ಟೈರು ಹಾಕಿಸಿದ್ದಳು, ನನ್ನಿಂದಲೇ. ತೇಪೆಗಳಿರುವ ಜಾಗದ ಕೊನೆಯಲ್ಲಿ ಒಂದು ಕೋನು ಇಟ್ಟಳು. ಹಿಂದೆ ನೆಲದ ಮೇಲೆ ಸೀಮೆಸುಣ್ಣದ ಗೀಟು.

"ಗೀಟಿನ ಮೇಲೆ ಬ್ರೇಕು ಒತ್ತಿ. ಕೋನಿಗೆ ತಾಗಬಾರದು. ಓಡ್ಸಿ."

"ನಾನಾ?"

"ಮತ್ತೆ ನಾನಾ? ನನಗೆ ವಯಸ್ಸಾಯ್ತಲ್ಲ."

ಮೊದಲು ಎರಕದ್ದು. ಗೀಟು ಬಂತು, ಒತ್ತಿದೆ. ಸರಿಯಾಗಿ ಒತ್ತಿದೆ! ಕಾಲಡಿ ಪೆಡಲು ಗಡಗಡ ನಡುಗಿತು. ಹಿಂದೆ ಟಕಟಕಟಕ. ಒತ್ತುತ್ತಲೇ ಇದ್ದೇನೆ, ಕಾರು ಹೋಗುತ್ತಲೇ ಇದೆ. ಆ ಕೊನೆಯ ಒಂದು ಚಾಪೆಯಷ್ಟು ದೂರ ಎಷ್ಟು ಉದ್ದವೋ, ದೇವರೇ. ಕೋನು ಬಾನೆಟ್ಟಿನ ಕೆಳಗೆ ಮಾಯವಾಯಿತು. ಟಪ್ ಎಂದಿತು.

ಮತ್ತೆ ಮಾಡಿಸಿದಳು. ಮತ್ತೆ ಟಪ್. ಮತ್ತೆ. ಪ್ರತಿ ಸಲ ಅವಳೇ ಹೋಗಿ ಕೋನನ್ನು ಎತ್ತಿ ನಿಲ್ಲಿಸಿದಳು.

ಆಮೇಲೆ ಹಗುರದ್ದು ಹಾಕಿದೆವು. ಹೊರಡುವಾಗಲೇ ಬೇರೆ. ಕಾರು ತುದಿಗಾಲಲ್ಲಿ ನಿಂತಂತಿತ್ತು. ಗೀಟು, ಬ್ರೇಕು. ಚಕ್ರ ತೇಪೆಗಳನ್ನು ತಡವಿಕೊಂಡು ಹೋಯಿತು, ನೆಲ ಬಿಡಲಿಲ್ಲ. ಒಂದು ಸಲ ತಾಗಿತು. ಉಳಿದ ಸಲ ಕೋನಿನ ತುದಿ ಗಾಜಿನಾಚೆ ಕಾಣುತ್ತಿದ್ದಂತೆಯೇ ನಿಂತಿತು.

ಅವಳು ಕಿಟಕಿಗೆ ಬಗ್ಗಿ ಕೇಳಿದಳು. "ಮೊದಲು ಕೋನು ಬಿದ್ದಾಗ ಏನನ್ನಿಸ್ತು? ಕಾರಿನ ತಪ್ಪು ಅನ್ನಿಸ್ತಾ, ನಿಮ್ಮ ತಪ್ಪು ಅನ್ನಿಸ್ತಾ?"

"ನಂದು ಅನ್ನಿಸ್ತು. ತಡವಾಗಿ ಒತ್ತಿದೆ ಅಂತ." ಗೊತ್ತಿದ್ದೂ. ಭಾರದ ಚಕ್ರವನ್ನು ಕೈಯಾರೆ ಕಟ್ಟಿದ್ದವನಿಗೂ ಹಾಗೇ ಅನ್ನಿಸಿತ್ತು.

"ಅದನ್ನ ಎರಡು ತಿಂಗಳ ಮೇಲೆ ಹೊತ್ಕೊಂಡು ಓಡಾಡಿದ್ದೀನಿ" ಅಂದಳು. ಅಷ್ಟೇ. ಬರುವಾಗ ಅವಳು ಓಡಿಸಿದಳು.

ಸೆಪ್ಟೆಂಬರ್ ೨೮

ಅಜ್ಜ ಮನೆಗೆ ಬಂದಿದ್ದಾನೆ. ಹೋದೆ. ಒಬ್ಬರೇ ಹೋಗಿ ಅಂದಿದ್ದಳು.

ಹೊಸಿಲಲ್ಲೇ ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿ ಚಕ್ರದ ವಿಷಯ ಎಲ್ಲ ಹೇಳಿದೆ. ಅಜ್ಜ ಚಹಾ ಗುಟುಕರಿಸುತ್ತ ಕೇಳಿದ.

"ಎಷ್ಟು ಹೆಚ್ಚು ಅಂದೆ?"

"ಎಲ್ಲಾ ಸೇರಿ ಹನ್ನೆರಡು ಕಿಲೋ."

"ನಮ್ಮ ಬೆಕ್ಕಿನ ಎರಡರಷ್ಟು." ನಗಿಸುತ್ತಾನೆ ಅಂದುಕೊಂಡೆ. ಲೋಟ ಕೆಳಗಿಟ್ಟ. "ನನ್ನ ಮೂಳೆ ಕೂಡ್ಕೊಳ್ತದೆ, ಬಿಡು. ಆ ಹೆಣ್ಮಗಳು ದಿನಾ ಬಂದು ನನ್ನ ಕಾಲು ಹಿಡ್ಕೊಂಡು ಅಳ್ತಿತ್ತಲ್ಲ. ಆಗ ನೀ ಎಲ್ಲಿದ್ದೆ?"

"ಪಕ್ಕದಲ್ಲೇ ಇದ್ದೆ, ಅಜ್ಜ."

"ಹೂಂ. ಸೇಬು ಹೆಚ್ತಿದ್ದೆ." ಮುಖ ಆ ಕಡೆ ತಿರುಗಿಸಿದ. "ಸಿಪ್ಪೆ ಎಷ್ಟು ತೆಳ್ಳಗೆ ತೆಗೀತಾನಪ್ಪಾ ಅಂತ ನೋಡ್ತಿದ್ದೆ ನಾನು."

 ಇನ್ನೊಮ್ಮೆ ತಲೆ ಬಾಗಿಸಿ ಎದ್ದು ಬಂದೆ.

ಅಕ್ಟೋಬರ್ ೧೦

ಹತ್ತೊಂಬತ್ತರ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಶಾಲೆಗೆ ಕಾರಿನಲ್ಲೇ ಹೋಗಿ ಬರುತ್ತಿದ್ದಾಳೆ. ಅಂಗಳದ ನಡಿಗೆ ಮತ್ತೆ ಶುರು. ಹಿಂದಿನ ಹಾಗಲ್ಲ. ನಡುವೆ ನಿಲ್ಲುತ್ತಾಳೆ. ಕೈ ಗಾಳಿಯಲ್ಲೇ ಹಿಡಿದುಕೊಂಡು, ಯಾವ ಕಡೆ ಎಂದು ಮರೆತವಳಂತೆ.

ಚಕ್ರ ಬಿಗಿಯಲು ಹೋದೆ. "ಬೇಡ, ನಾನು ಮಾಡ್ತೀನಿ" ಅಂದಳು. ನಟ್ಟು ತಿರುಗಿಸುವುದನ್ನು ದೂರ ನಿಂತು ನೋಡಿದೆ. ಸರಿಯಾಗಿಯೇ ಮಾಡುತ್ತಾಳೆ. ಎದುರೆದುರಿನದನ್ನು ಬಿಗಿದು, ಕೊನೆಗೆ ಮತ್ತೊಮ್ಮೆ ಎಲ್ಲವನ್ನೂ. ನಾನೇ ಕಲಿಸಿದ್ದು. ಮೊದಲು ಚಕ್ರವನ್ನು ಕಣ್ಣಲ್ಲಿ ಒಂದು ಸಲ ನೋಡಿ ಹಾಕುತ್ತಿದ್ದಳು. ಈಗ ಎತ್ತಿ ತೂಗಿ ನೋಡಿ ಹಾಕುತ್ತಾಳೆ, ಪ್ರತಿಯೊಂದನ್ನೂ.

ಅಕ್ಟೋಬರ್ ೧೯, ಭಾನುವಾರ, ಮೈದಾನದಲ್ಲಿ

ತಂಪು. ಒಣ ನೆಲ. ಇದಕ್ಕಿಂತ ಒಳ್ಳೆಯ ದಿನ ಸಿಗದು. ಬೇಲಿಯ ಈಚೆ ಮಡಚುವ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲ ಓಟ ಮುಗಿಯಿತು. ಚೊಕ್ಕಟ ಓಟ. ಒಂದು ಕೋನೂ ಬೀಳಲಿಲ್ಲ, ಎಲ್ಲೂ ಜಾರಲಿಲ್ಲ. ಹಗುರ ಚಕ್ರಗಳು ನೆಲಕ್ಕೆ ಅಂಟಿಕೊಂಡು ಓಡಿದವು. ಬೋರ್ಡಿನಲ್ಲಿ ಸಮಯ ಬಂದಾಗ ನಾನು ಎದ್ದು ನಿಂತೆ, ತಪ್ಪು ಓದಿದೆನೇನೋ ಎಂದು.

ಒಂಬತ್ತನೆಯ ಸ್ಥಾನ. ಜೂನ್‌ನಲ್ಲಿ ಕುವಾಬಾರಾನಿಗಿಂತ ಕೂದಲೆಳೆ ಹಿಂದಿದ್ದವಳು. ಇವತ್ತು ಮೂರು ಸೆಕೆಂಡು ಹಿಂದೆ.

ಕಂಡಿದ್ದೇನೆ ಎಲ್ಲಿ ಹೋಯಿತೆಂದು. ಪ್ರತಿ ಕೋನಿಗೂ ಒಂದು ಗೇಣು ಮೊದಲೇ ಬ್ರೇಕು. ಪ್ರತಿ ತಿರುವಿನಲ್ಲೂ ಒಂದು ಕ್ಷಣದ ಅನುಮಾನ, ಹಿಡಿಯುತ್ತದೋ ಇಲ್ಲವೋ ಎಂದು. ಕುವಾಬಾರಾ ಹತ್ತಿರ ಹೋಗಿ ಏನೋ ತಮಾಷೆ ಮಾಡಿದ. ನಕ್ಕಳು. ಅವನು ಹೋದ ಮೇಲೆ ನಗು ಹೋಯಿತು.

ನಾನು ಹೋಗಿ ಕಿಟಕಿಯ ಪಕ್ಕ ನಿಂತೆ. ಹೆಲ್ಮೆಟ್ ತೆಗೆದಿರಲಿಲ್ಲ. ಮುಂದೆ ನೋಡುತ್ತಲೇ ಕೇಳಿದಳು.

"ಇದು ನಿಜವಾಗ್ಲೂ ವಯಸ್ಸಾ ರೀ? ಇಲ್ಲಾ ನೀವಾ?"

ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ನಲವತ್ತು ವರ್ಷ ಕೇಳಿದ ಹಾಗೆಯೇ ಕೇಳಿದಳು, ಈ ಸದ್ದು ಎಲ್ಲಿಂದ ಬರ್ತಿದೆ ನೋಡಿ ಅನ್ನುವ ಹಾಗೆ.

"ಗೊತ್ತಿಲ್ಲ" ಅಂದೆ. ನಿಜವಾಗಿಯೂ ಗೊತ್ತಿಲ್ಲ. ಜೂನ್‌ನಿಂದ ನಾನು ಚಕ್ರ ಮುಟ್ಟದೆ ಸುಮ್ಮನಿದ್ದಿದ್ದರೆ ಇವತ್ತಿನ ಸಮಯ ಅವಳ ಸಮಯವಾಗಿರುತ್ತಿತ್ತು. ಒಳ್ಳೆಯದೋ ಕೆಟ್ಟದೋ, ಅವಳದು. ಈಗ ಯಾವ ಸಮಯ ಬಂದರೂ ಅದರಲ್ಲಿ ನನ್ನ ಪಾಲೆಷ್ಟು ಎಂದು ಅವಳು ಕೇಳಿಕೊಳ್ಳಬೇಕು. ಚಕ್ರ ಬದಲಿಸಬಹುದು. ಇದಕ್ಕೆ ಯಾವ ಸ್ಪ್ಯಾನರು?

ಅವಳು ತಲೆಯಾಡಿಸಿದಳು. "ಸುಳ್ಳು ಹೇಳ್ಲಿಲ್ಲವಲ್ಲ, ಸದ್ಯ" ಅಂದು ಗಾಜು ಏರಿಸಿದಳು.

ಎರಡನೆಯ ಓಟಕ್ಕೆ ಸಾಲು ಕಟ್ಟುತ್ತಿದ್ದಾರೆ. ಅವಳ ಮುಂದೆ ಇನ್ನು ಐದಾರು ಗಾಡಿ. ಕಾರಿನಿಂದ ಇಳಿದಿದ್ದಾಳೆ. ಹಿಂದಿನ ಟೈರನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾಳೆ. ಈ ಕಡೆ ತಿರುಗಿದಳು. ಏನೋ ಕೂಗುತ್ತಿದ್ದಾಳೆ, ಸ್ಪೀಕರಿನ ಗಲಾಟೆಯಲ್ಲಿ ಕೇಳಿಸುತ್ತಿಲ್ಲ. ಟೈರು ತೋರಿಸಿ ಕೈ ಮಾಡುತ್ತಿದ್ದಾಳೆ. ಗಾಳಿ ಅಳೆಯುವ ಮೀಟರು ಬೇಕಂತೆ... ನನ್ನನ್ನೇ ಕರೆಯುತ್ತಿರುವುದು. ಬೇರೆ ಯಾರೂ ಇಲ್ಲ ಇಲ್ಲಿ. ಹೋಗಬೇ—